ಅಮೆರಿಕದ ಆರಂಭಕಾಲದ ತೈಲೋದ್ಯಮ: ಕಂಪನಿಗಳ ಬೆಳವಣಿಗೆ ಮತ್ತು ರಾಜಕೀಯ ಭ್ರಷ್ಟಾಚಾರ

ಅಮೆರಿಕ ಸಂಯುಕ್ತ ಸಂಸ್ಥಾನದ ತೈಲೋದ್ಯಮದ ಆರಂಭಕಾಲವೆಂದರೆ, ಸ್ಥೂಲವಾಗಿ, 1859ರಲ್ಲಿ ಪೆನ್ಸಿಲ್ವೇನಿಯ ರಾಜ್ಯದ ಟೈಟಸ್‌ವಿಲ್ ಬಳಿ ಕೊರೆದ ಬಾವಿಯಲ್ಲಿ ಎಣ್ಣೆ ಕಂಡಂದಿನಿಂದ ಟೀಪಾಟ್ ಡೋಮ್ ಹಗರಣದ ಮೊಕದ್ದಮೆಗಳು ಮುಗಿದ 1930ರವರೆಗಿನ ಏಳು ದಶಕಗಳು. ದೀಪದೆಣ್ಣೆಯ ವ್ಯಾಪಾರವಾಗಿ ಮೊದಲಾದ ಈ ಉದ್ಯಮ ಆ ಅವಧಿಯಲ್ಲಿ ಹಡಗು ಮತ್ತು ಮೋಟಾರು ವಾಹನಗಳ ಇಂಧನದ ಉದ್ಯಮವಾಗಿ ಬದಲಾಯಿತು; ಟ್ರಸ್ಟ್, ಹೋಲ್ಡಿಂಗ್ ಕಂಪನಿ ಮೊದಲಾದ ಸಂಸ್ಥಾರೂಪಗಳು ಇದರಲ್ಲಿ ಹದಗೊಂಡವು; ಏಕಸ್ವಾಮ್ಯ ವಿರೋಧಿ ಕಾನೂನಿನ ಅತಿ ಮುಖ್ಯ ತೀರ್ಪುಗಳಲ್ಲೊಂದು ಇದರ ವಿಷಯವಾಗಿಯೇ ಹೊರಬಂದಿತು. ರಾಜಕೀಯ ಭ್ರಷ್ಟಾಚಾರದ ಇತಿಹಾಸದಲ್ಲಿಯೂ ಈ ಉದ್ಯಮಕ್ಕೆ ಪ್ರತ್ಯೇಕ ಸ್ಥಾನವಿದೆ. ಇಲ್ಲಿ ಹಣ ಲಂಚವೆಂಬ ಹೆಸರು ಹೊತ್ತು ಕೈಬದಲಾದದ್ದು ಕಡಿಮೆ. ಸಾಗಣೆ ದರದ ರಿಯಾಯಿತಿ, ವಕೀಲಿ ಶುಲ್ಕ, ಕೈಸಾಲ, ಚುನಾವಣಾ ದೇಣಿಗೆ ಎಂಬ ನಿತ್ಯವ್ಯವಹಾರದ ಹೆಸರುಗಳಲ್ಲಿಯೇ ಅದು ಹರಿಯಿತು. ಆದ್ದರಿಂದ ಅರ್ಧ ಶತಮಾನ ನಡೆದ ತನಿಖೆಗಳು ಮತ್ತೆ ಮತ್ತೆ ಬಂದು ನಿಂತದ್ದು ಲೆಕ್ಕಪತ್ರಗಳ ಮೇಲೆ, ಮತ್ತು ಒಂದು ಪಾವತಿಯನ್ನು ಏನೆಂದು ಪರಿಗಣಿಸಬೇಕೆಂಬ ವಾದದ ಮೇಲೆ.

ಹಿನ್ನೆಲೆ

19ನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಮನೆಗಳ ದೀಪಗಳಿಗೆ ತಿಮಿಂಗಿಲದ ಎಣ್ಣೆ, ಕಲ್ಲಿದ್ದಲಿನಿಂದ ಇಳಿಸಿದ ಎಣ್ಣೆ ಮೊದಲಾದವು ಬಳಕೆಯಲ್ಲಿದ್ದವು. ಬಂಡೆಗಳ ಸಂದಿನಿಂದ ತಾನಾಗಿ ಜಿನುಗುವ ಎಣ್ಣೆಯನ್ನು ಭಟ್ಟಿ ಇಳಿಸಿದರೆ ಒಳ್ಳೆಯ ದೀಪದೆಣ್ಣೆ ದೊರೆಯುತ್ತದೆಂದು ಯೇಲ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಬೆಂಜಮಿನ್ ಸಿಲಿಮನ್ (ಕಿರಿಯ) 1855ರಲ್ಲಿ ವರದಿ ಕೊಟ್ಟ. ಆ ವರದಿಯನ್ನು ನಂಬಿ ಹಣ ಹೂಡಿದವರು ರೈಲ್ವೆಯಲ್ಲಿ ಕಂಡಕ್ಟರ್ ಆಗಿದ್ದ ಎಡ್ವಿನ್ ಡ್ರೇಕ್ ಎಂಬವನನ್ನು ಟೈಟಸ್‌ವಿಲ್‌ಗೆ ಕಳುಹಿಸಿದರು. 1859ರ ಆಗಸ್ಟ್ 27ರಂದು ಸುಮಾರು ಎಪ್ಪತ್ತು ಅಡಿ ಆಳದಲ್ಲಿ ಅವನ ಬಾವಿಗೆ ಎಣ್ಣೆ ಸಿಕ್ಕಿತು. ಕಚ್ಚಾತೈಲವನ್ನು ಕಾಯಿಸಿ, ಆವಿಯನ್ನು ತಂಪುಗೊಳಿಸಿ ಪಡೆದ ಸೀಮೆಎಣ್ಣೆ ಕೆಲವೇ ವರ್ಷಗಳಲ್ಲಿ ಉಳಿದ ದೀಪದೆಣ್ಣೆಗಳನ್ನು ಹಿಂದಿಕ್ಕಿತು.

ಭೂಮಿಯ ಮೇಲಿನ ಒಡೆತನಕ್ಕೂ ಭೂಮಿಯೊಳಗಿನ ಎಣ್ಣೆಯ ಚಲನೆಗೂ ಹೊಂದಿಕೆಯಾಗದ ಒಂದು ಕಾನೂನು ಈ ಉದ್ಯಮದ ಮುಂದಿನ ಸ್ವರೂಪವನ್ನು ಬಹುಮಟ್ಟಿಗೆ ನಿರ್ಧರಿಸಿತು. ನೆಲದಡಿಯ ಎಣ್ಣೆ ಒತ್ತಡ ಕಡಿಮೆಯಿರುವ ಕಡೆಗೆ ಸರಿಯುತ್ತದೆ. ಯಾರ ಬಾವಿಯಿಂದ ಅದು ಮೇಲೆ ಬಂತೋ ಅವರೇ ಅದರ ಒಡೆಯರು, ಪಕ್ಕದ ಜಮೀನಿನ ಅಡಿಯಿಂದ ಅದು ಹರಿದುಬಂದಿದ್ದರೂ ಸರಿ ಎಂಬುದು ನ್ಯಾಯಾಲಯಗಳು ಒಪ್ಪಿದ ನಿಯಮ. ಹೀಗಾಗಿ ಕಾದವನಿಗೆ ನಷ್ಟ, ಅವಸರಪಟ್ಟವನಿಗೆ ಲಾಭ. ಪ್ರತಿಯೊಬ್ಬ ಭೂಮಾಲೀಕನೂ ನೆರೆಯವನಿಗಿಂತ ಮೊದಲು, ನೆರೆಯವನಿಗಿಂತ ಹೆಚ್ಚು ಎಣ್ಣೆ ಎತ್ತಲು ಹೊರಟದ್ದರಿಂದ 1860ರ ಆರಂಭದಲ್ಲಿ ಪೀಪಾಯಿಗೆ 20 ಡಾಲರಿನ ಹತ್ತಿರವಿದ್ದ ಬೆಲೆ 1861ರ ಕೊನೆಯ ವೇಳೆಗೆ 10 ಸೆಂಟಿಗೆ ಕುಸಿಯಿತು. 1865ರಲ್ಲಿ ಕಾಡಿನ ನಡುವೆ ಎದ್ದುನಿಂತ ಪಿಟ್‌ಹೋಲ್ ಎಂಬ ಊರು ಕೆಲವೇ ತಿಂಗಳುಗಳಲ್ಲಿ ಸುಮಾರು 15,000 ಜನರ ಪಟ್ಟಣವಾಗಿ, ಎಣ್ಣೆ ಬತ್ತಿದೊಡನೆ ಅಷ್ಟೇ ವೇಗವಾಗಿ ಪಾಳುಬಿದ್ದಿತು. ಇದೇ ನಿಯಮ ಅರವತ್ತು ವರ್ಷಗಳ ಅನಂತರ ವಯೋಮಿಂಗ್‌ನಲ್ಲಿ ಒಬ್ಬ ಮಂತ್ರಿಗೆ ಅನುಕೂಲವಾದ ನೆಪವನ್ನೂ ಒದಗಿಸಿತು.

ಸ್ಟ್ಯಾಂಡರ್ಡ್ ಆಯಿಲ್ ಮತ್ತು ರೈಲ್ವೆಗಳು

ಬಾವಿ ಕೊರೆಯುವುದು ಜೂಜಾಗಿದ್ದರೆ ಶುದ್ಧೀಕರಣ ಲೆಕ್ಕ ಹಾಕಿ ಮಾಡಬಹುದಾದ ವ್ಯಾಪಾರವಾಗಿತ್ತು. ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ದಲ್ಲಾಳಿ ವ್ಯಾಪಾರ ನಡೆಸುತ್ತಿದ್ದ ಜಾನ್ ಡಿ. ರಾಕ್‌ಫೆಲರ್ (1839-1937) ಇದನ್ನು ಬೇಗ ಗುರುತಿಸಿ 1863ರಲ್ಲಿ ಶುದ್ಧೀಕರಣಕ್ಕೆ ಹಣ ಹಾಕಿದ. 1865ರಲ್ಲಿ ಪಾಲುದಾರರ ನಡುವೆ ನಡೆದ ಹರಾಜಿನಲ್ಲಿ 72,500 ಡಾಲರಿಗೆ ಕೂಗಿ ಆ ವ್ಯವಹಾರವನ್ನು ತನ್ನದಾಗಿಸಿಕೊಂಡ. 1870ರ ಜನವರಿ 10ರಂದು 10 ಲಕ್ಷ ಡಾಲರ್ ಬಂಡವಾಳದೊಡನೆ ಒಹಾಯೋದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಸ್ಥಾಪನೆಯಾಯಿತು. ಹೆನ್ರಿ ಫ್ಲ್ಯಾಗ್ಲರ್, ಸ್ಯಾಮ್ಯುಯಲ್ ಆಂಡ್ರ್ಯೂಸ್, ಸ್ಟೀಫನ್ ಹಾರ್ಕ್‌ನೆಸ್, ಸೋದರ ವಿಲಿಯಂ ರಾಕ್‌ಫೆಲರ್ ಇದರ ಮೊದಲ ಪಾಲುದಾರರಲ್ಲಿದ್ದರು. ಪೀಪಾಯಿಗಳನ್ನು ತಾನೇ ತಯಾರಿಸುವುದು, ಉಪೋತ್ಪನ್ನಗಳನ್ನು ಚೆಲ್ಲದೆ ಮಾರುವುದು, ಕಾಸಿನ ಲೆಕ್ಕವನ್ನೂ ಬಿಡದಿರುವುದು ಈ ಕಂಪನಿಯ ಪದ್ಧತಿಯಾಗಿತ್ತೆಂಬುದನ್ನು ಅದರ ವಿರೋಧಿಗಳೂ ಒಪ್ಪಿದ್ದಾರೆ. ಆದರೆ ಅದರ ಏಳಿಗೆಯ ವೇಗಕ್ಕೆ ಮಿತವ್ಯಯವೊಂದೇ ಕಾರಣವಲ್ಲ.

ಅಂದಿನ ರೈಲ್ವೆಗಳು ಸಾರ್ವಜನಿಕರಿಗೆ ಒಂದು ದರವನ್ನು ಪ್ರಕಟಿಸಿ, ದೊಡ್ಡ ಗಿರಾಕಿಗಳಿಗೆ ಅದರಲ್ಲಿ ಒಂದು ಭಾಗವನ್ನು ಗುಟ್ಟಾಗಿ ಹಿಂದಿರುಗಿಸುತ್ತಿದ್ದವು. ರಿಬೇಟ್ ಎಂದು ಕರೆಯುತ್ತಿದ್ದ ಈ ರಿಯಾಯಿತಿಯನ್ನು ಪಡೆಯುವುದರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಮೊದಲನೆಯದೂ ಅಲ್ಲ, ಒಂಟಿಯೂ ಅಲ್ಲ. 1871-72ರ ಸೌತ್ ಇಂಪ್ರೂವ್‌ಮೆಂಟ್ ಕಂಪನಿಯ ಯೋಜನೆ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಪೆನ್ಸಿಲ್ವೇನಿಯ ರೈಲ್ವೆಯ ಟಾಮ್ ಸ್ಕಾಟ್ ಆ ರಾಜ್ಯದ ಶಾಸನಸಭೆಯ ಮೇಲೆ ಹೊಂದಿದ್ದ ಹಿಡಿತ ಲೋಕಪ್ರಸಿದ್ಧವಾಗಿತ್ತು. ಯಾವ ವ್ಯವಹಾರವನ್ನಾದರೂ ನಡೆಸಲು ಅವಕಾಶ ಕೊಡುವಷ್ಟು ಸಡಿಲವಾದ ಸನ್ನದೊಂದನ್ನು ಆ ಶಾಸನಸಭೆಯಿಂದ ಪಡೆದು, ಅದರ ಮರೆಯಲ್ಲಿ ಮೂರು ರೈಲ್ವೆಗಳೂ ಕೆಲವು ಶುದ್ಧೀಕರಣಕಾರರೂ ಕೂಡಿಕೊಂಡರು. ಕ್ಲೀವ್‌ಲ್ಯಾಂಡ್‌ಗೆ ಕಚ್ಚಾತೈಲ ಸಾಗಿಸಲು ಪ್ರಕಟಿತ ದರ ಪೀಪಾಯಿಗೆ 80 ಸೆಂಟ್. ಒಳಗಿನವರಿಗೆ ಅದರಲ್ಲಿ 40 ಸೆಂಟ್ ವಾಪಸು. ಹೊರಗಿನವರು ಪೂರ್ತಿ 80 ಸೆಂಟ್ ಕೊಡಬೇಕಾಗಿದ್ದುದಷ್ಟೇ ಅಲ್ಲ, ಅವರು ಕೊಟ್ಟದ್ದರಲ್ಲಿಯೂ 40 ಸೆಂಟ್ ಸೌತ್ ಇಂಪ್ರೂವ್‌ಮೆಂಟ್ ಕಂಪನಿಗೆ ಸಲ್ಲಬೇಕಾಗಿತ್ತು. ಪ್ರತಿಸ್ಪರ್ಧಿಯ ಸರಕಿನ ಮೇಲೆ ತಾನು ಕಮಿಷನ್ ಪಡೆಯುವ ಈ ಏರ್ಪಾಟಿಗೆ ಡ್ರಾಬ್ಯಾಕ್ ಎಂದು ಹೆಸರು. ಜೊತೆಗೆ ಪ್ರತಿಸ್ಪರ್ಧಿಗಳು ಎಲ್ಲಿಗೆ, ಎಷ್ಟು ಸರಕು ಕಳುಹಿಸಿದರೆಂಬ ಮಾಹಿತಿಯನ್ನೂ ರೈಲ್ವೆಗಳು ಒದಗಿಸಬೇಕಾಗಿತ್ತು.

1872ರ ಫೆಬ್ರವರಿಯ ಕೊನೆಯಲ್ಲಿ ಹೊಸ ದರಗಳ ಸುದ್ದಿ ಹೊರಬಿದ್ದಾಗ ತೈಲಪ್ರದೇಶದ ಉತ್ಪಾದಕರು ಸಭೆ ಸೇರಿ, ಒಳಗಿನವರಿಗೆ ಎಣ್ಣೆ ಮಾರುವುದನ್ನೇ ನಿಲ್ಲಿಸಿದರು. ರೈಲ್ವೆಗಳು ಹಿಂದೆ ಸರಿದವು, ಏಪ್ರಿಲ್‌ನಲ್ಲಿ ಶಾಸನಸಭೆ ಸನ್ನದನ್ನು ರದ್ದುಪಡಿಸಿತು, ಯೋಜನೆಯಡಿ ಒಂದು ಪೀಪಾಯಿಯೂ ಸಾಗಲಿಲ್ಲ. ಆದರೆ ಈ ಬೆದರಿಕೆ ತಲೆಯ ಮೇಲೆ ತೂಗುತ್ತಿದ್ದ ಕೆಲವೇ ವಾರಗಳಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕ್ಲೀವ್‌ಲ್ಯಾಂಡ್‌ನ 26 ಶುದ್ಧೀಕರಣಾಗಾರಗಳಲ್ಲಿ 22ನ್ನು ಕೊಂಡುಕೊಂಡಿತ್ತು. ಮಾರಿದವರಿಗೆ ನಗದು ಅಥವಾ ತನ್ನ ಷೇರುಗಳ ಆಯ್ಕೆಯನ್ನು ಅದು ಕೊಟ್ಟಿತು. ಷೇರು ತೆಗೆದುಕೊಂಡವರು ಮುಂದೆ ಶ್ರೀಮಂತರಾದರು, ನಗದು ತೆಗೆದುಕೊಂಡವರು ಮೋಸವಾಯಿತೆಂದು ದೂರಿದರು. 1880ರ ಹೊತ್ತಿಗೆ ದೇಶದ ಶುದ್ಧೀಕರಣದಲ್ಲಿ ಸುಮಾರು ಶೇ. 90 ಭಾಗ ಈ ಗುಂಪಿನ ಕೈಯಲ್ಲಿತ್ತು. ರಿಯಾಯಿತಿಯ ಪದ್ಧತಿಯೂ ಅಳಿಯಲಿಲ್ಲ: 1885ರಲ್ಲಿ ಒಹಾಯೋದ ಒಂದು ಸಣ್ಣ ರೈಲ್ವೆ ಜಾರ್ಜ್ ರೈಸ್ ಎಂಬ ಸ್ವತಂತ್ರ ಶುದ್ಧೀಕರಣಕಾರನಿಂದ ಪೀಪಾಯಿಗೆ 35 ಸೆಂಟ್, ಸ್ಟ್ಯಾಂಡರ್ಡ್‌ನಿಂದ 10 ಸೆಂಟ್ ವಸೂಲು ಮಾಡಿ, ರೈಸ್ ಕೊಟ್ಟ ಹೆಚ್ಚಿನ 25 ಸೆಂಟನ್ನು ಸ್ಟ್ಯಾಂಡರ್ಡ್‌ಗೆ ದಾಟಿಸುತ್ತಿದ್ದುದು ನ್ಯಾಯಾಲಯದಲ್ಲಿ ಬಯಲಾಯಿತು. ನ್ಯೂಯಾರ್ಕ್ ಶಾಸನಸಭೆಯ ಹೆಪ್‌ಬರ್ನ್ ಸಮಿತಿ 1879ರಲ್ಲಿಯೇ ಇಂಥ ಸಾವಿರಾರು ಗುಪ್ತ ದರಗಳನ್ನು ಬೆಳಕಿಗೆ ತಂದಿತ್ತು. 1887ರ ಅಂತರರಾಜ್ಯ ವಾಣಿಜ್ಯ ಕಾಯಿದೆ ರಿಯಾಯಿತಿಯನ್ನು ನಿಷೇಧಿಸಿತಾದರೂ ಅದಕ್ಕೆ ಹಲ್ಲು ಬಂದದ್ದು 1903ರ ಎಲ್ಕಿನ್ಸ್ ಕಾಯಿದೆಯಿಂದ.

ಟ್ರಸ್ಟ್ ಎಂಬ ರಚನೆ

ಕಂಪನಿಗಳಿಗೆ ಸನ್ನದು ಕೊಡುವ ಅಧಿಕಾರ ಅಮೆರಿಕದಲ್ಲಿ ರಾಜ್ಯಗಳದು. ಒಂದು ರಾಜ್ಯದ ಕಂಪನಿ ಇನ್ನೊಂದು ರಾಜ್ಯದಲ್ಲಿ ಆಸ್ತಿ ಹೊಂದುವುದಕ್ಕೂ ಇತರ ಕಂಪನಿಗಳ ಷೇರು ಕೊಳ್ಳುವುದಕ್ಕೂ ಅಂದಿನ ಒಹಾಯೋ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಆದ್ದರಿಂದ ಬೇರೆ ಬೇರೆ ರಾಜ್ಯಗಳಲ್ಲಿ ಕೊಂಡ ಕಂಪನಿಗಳ ಷೇರುಗಳನ್ನು ಮೊದಲು ಫ್ಲ್ಯಾಗ್ಲರ್‌ನಂಥ ವ್ಯಕ್ತಿಗಳ ಹೆಸರಿನಲ್ಲಿ, 1879ರಿಂದ ಕಂಪನಿಯ ಮೂವರು ನೌಕರರ ಹೆಸರಿನಲ್ಲಿ ಇರಿಸಲಾಯಿತು. ಇಂಥ ಏರ್ಪಾಟಿನಿಂದ, ಆ ಕಂಪನಿ ನಿಮ್ಮದೇ ಎಂದು ಪ್ರಮಾಣ ಮಾಡಿಸಿ ಕೇಳಿದಾಗ ಸ್ಟ್ಯಾಂಡರ್ಡ್‌ನ ಅಧಿಕಾರಿಗಳು ಅಕ್ಷರಶಃ ಸುಳ್ಳಾಗದಂತೆ ಅಲ್ಲವೆಂದು ಹೇಳಬಹುದಾಗಿತ್ತು. ಕಂಪನಿಯ ವಕೀಲ ಸ್ಯಾಮ್ಯುಯಲ್ ಡಾಡ್ 1882ರಲ್ಲಿ ಇದಕ್ಕೆ ಹೆಚ್ಚು ಗಟ್ಟಿಯಾದ ರೂಪ ಕೊಟ್ಟ. ಒಬ್ಬರ ಆಸ್ತಿಯನ್ನು ಇನ್ನೊಬ್ಬರು ಅವರ ಹಿತಕ್ಕಾಗಿ ನಿರ್ವಹಿಸುವ ನ್ಯಾಸಪದ್ಧತಿ ಇಂಗ್ಲಿಷ್ ಕಾನೂನಿನಲ್ಲಿ ಹಳೆಯದು. ವಿಧವೆಯರ, ಅಪ್ರಾಪ್ತ ವಯಸ್ಕರ ಆಸ್ತಿಗಾಗಿ ಬೆಳೆದ ಆ ಪದ್ಧತಿಯನ್ನು ಡಾಡ್ ಉದ್ಯಮಕ್ಕೆ ತಂದು, ಎಲ್ಲ ಕಂಪನಿಗಳ ಷೇರುಗಳನ್ನೂ ರಾಕ್‌ಫೆಲರ್ ಸೇರಿದಂತೆ ಒಂಬತ್ತು ಮಂದಿ ಟ್ರಸ್ಟಿಗಳ ವಶಕ್ಕೆ ಒಪ್ಪಿಸಿದ. ಷೇರುದಾರರಿಗೆ ಬದಲಾಗಿ ಟ್ರಸ್ಟಿನ ಪ್ರಮಾಣಪತ್ರಗಳು ದೊರೆತವು. ಒಟ್ಟು ಮೌಲ್ಯ 7 ಕೋಟಿ ಡಾಲರ್. ಇದು ಯಾವ ರಾಜ್ಯದಲ್ಲಿಯೂ ನೋಂದಣಿಯಾಗದ, ಯಾರಿಗೂ ವಾರ್ಷಿಕ ವರದಿ ಸಲ್ಲಿಸಬೇಕಾಗಿಲ್ಲದ ಸಂಸ್ಥೆ. ಸಕ್ಕರೆ, ವಿಸ್ಕಿ ಮೊದಲಾದ ಉದ್ಯಮಗಳು ಈ ಮಾದರಿಯನ್ನೇ ಅನುಸರಿಸಿದ್ದರಿಂದ ಏಕಸ್ವಾಮ್ಯ ಸಂಸ್ಥೆಗಳಿಗೆಲ್ಲ ಟ್ರಸ್ಟ್ ಎಂಬ ಹೆಸರೇ ನಿಂತಿತು.

ಒಹಾಯೋದ ಅಟಾರ್ನಿ ಜನರಲ್ ಡೇವಿಡ್ ವಾಟ್ಸನ್ ಪುಸ್ತಕದಂಗಡಿಯಲ್ಲಿ ಸಿಕ್ಕಿದ ಟ್ರಸ್ಟ್‌ಗಳ ಬಗೆಗಿನ ಒಂದು ಪುಸ್ತಕದಲ್ಲಿ ಈ ಒಪ್ಪಂದದ ಪಾಠವನ್ನು ಓದಿ, ತನ್ನ ರಾಜ್ಯದ ಸನ್ನದು ಪಡೆದ ಕಂಪನಿಯೊಂದು ತನ್ನ ಆಡಳಿತವನ್ನು ಹೊರಗಿನವರಿಗೆ ಒಪ್ಪಿಸಿಕೊಟ್ಟಿದೆಯೆಂದು ಮೊಕದ್ದಮೆ ಹೂಡಿದ. 1892ರಲ್ಲಿ ಒಹಾಯೋ ಸುಪ್ರೀಂ ಕೋರ್ಟ್ ಅವನ ವಾದವನ್ನು ಎತ್ತಿಹಿಡಿಯಿತು. ಟ್ರಸ್ಟ್ ವಿಸರ್ಜನೆಯ ಕೆಲಸ ವರ್ಷಗಟ್ಟಲೆ ತೆವಳಿತು. ಅಷ್ಟರಲ್ಲಿ ನ್ಯೂಜೆರ್ಸಿ ರಾಜ್ಯ, ನೋಂದಣಿ ಶುಲ್ಕದ ಆದಾಯಕ್ಕಾಗಿ, ಒಂದು ಕಂಪನಿ ಇತರ ಕಂಪನಿಗಳ ಷೇರುಗಳನ್ನು ಹೊಂದಬಹುದೆಂದು ತನ್ನ ಕಾನೂನನ್ನು ಸಡಿಲಿಸಿತ್ತು. 1899ರಲ್ಲಿ ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಇಡೀ ಗುಂಪಿನ ಹೋಲ್ಡಿಂಗ್ ಕಂಪನಿಯಾಯಿತು, ಅಂದರೆ ಇತರ ಕಂಪನಿಗಳ ಷೇರುಗಳನ್ನು ಹಿಡಿದಿಟ್ಟುಕೊಂಡು ಅವನ್ನು ಆಳುವ ಕಂಪನಿಯಾಯಿತು. ಒಂದು ರಾಜ್ಯ ಮುಚ್ಚಿದ ಬಾಗಿಲನ್ನು ಇನ್ನೊಂದು ರಾಜ್ಯ ಕಾನೂನುಬದ್ಧವಾಗಿಯೇ ತೆರೆದುಕೊಟ್ಟಿತು. ಇಲ್ಲಿ ಯಾರಿಗೂ ಲಂಚ ಕೊಡಬೇಕಾದ ಪ್ರಮೇಯವೇ ಬರಲಿಲ್ಲ.

ಸೆನೆಟರುಗಳು ಮತ್ತು ಶುಲ್ಕಗಳು

1913ರ ಹದಿನೇಳನೆಯ ಸಂವಿಧಾನ ತಿದ್ದುಪಡಿಯವರೆಗೆ ಸೆನೆಟ್ ಸದಸ್ಯರನ್ನು ಆಯಾ ರಾಜ್ಯದ ಶಾಸನಸಭೆಗಳು ಆರಿಸುತ್ತಿದ್ದವು. ಕೆಲವು ಹತ್ತು ಶಾಸಕರನ್ನು ಒಲಿಸಿಕೊಂಡರೆ ಸೆನೆಟ್ ಸ್ಥಾನ ದೊರೆಯುತ್ತಿದ್ದ ಈ ವ್ಯವಸ್ಥೆಯಲ್ಲಿ ಹಣವಂತ ಕಂಪನಿಗಳಿಗೆ ಸಹಜವಾಗಿಯೇ ಪ್ರವೇಶವಿತ್ತು. 1884ರಲ್ಲಿ ಒಹಾಯೋ ಶಾಸನಸಭೆ ಹೆನ್ರಿ ಪೇನ್ ಎಂಬವನನ್ನು ಸೆನೆಟ್‌ಗೆ ಆರಿಸಿದಾಗ ಅವನ ಮಗ ಆಲಿವರ್ ಪೇನ್ ಸ್ಟ್ಯಾಂಡರ್ಡ್ ಆಯಿಲ್‌ನ ಖಜಾಂಚಿಯಾಗಿದ್ದ. ಮತಗಳನ್ನು ಕೊಳ್ಳಲಾಗಿದೆಯೆಂಬ ಆರೋಪವನ್ನು ಮುಂದಿನ ಶಾಸನಸಭೆ ವಿಚಾರಿಸಿ ಸೆನೆಟ್‌ಗೆ ಕಳುಹಿಸಿತಾದರೂ, ಸೆನೆಟ್ ಅದನ್ನು ತನಿಖೆಗೆ ಎತ್ತಿಕೊಳ್ಳಲಿಲ್ಲ.

ಟೆಕ್ಸಸ್‌ನ ಪ್ರಕರಣ ಇನ್ನೂ ವಿಚಿತ್ರ. ಅಲ್ಲಿ ಸೀಮೆಎಣ್ಣೆ ಮಾರುತ್ತಿದ್ದ ವಾಟರ್ಸ್-ಪಿಯರ್ಸ್ ಕಂಪನಿಯ ಹೆಚ್ಚಿನ ಷೇರುಗಳು ಸ್ಟ್ಯಾಂಡರ್ಡ್‌ನವು. ರಾಜ್ಯದ ಏಕಸ್ವಾಮ್ಯ ವಿರೋಧಿ ಕಾನೂನಿನಡಿ 1900ರಲ್ಲಿ ಅದನ್ನು ಹೊರಹಾಕಿದಾಗ, ಅದರ ಮುಖ್ಯಸ್ಥ ಹೆನ್ರಿ ಕ್ಲೇ ಪಿಯರ್ಸ್ ಸ್ಟ್ಯಾಂಡರ್ಡ್‌ನೊಡನೆ ಸಂಬಂಧ ಕಡಿದುಹೋಯಿತೆಂದು ಹೇಳಿ ಅದೇ ಹೆಸರಿನ ಹೊಸ ಕಂಪನಿಯೊಡನೆ ಮರಳಿ ಬಂದ. ಈ ಪುನಃಪ್ರವೇಶಕ್ಕೆ ನೆರವಾದವನು ಆಗ ಕಾಂಗ್ರೆಸ್ ಸದಸ್ಯನಾಗಿದ್ದು ಸೆನೆಟ್‌ನತ್ತ ಹೊರಟಿದ್ದ ಜೋಸೆಫ್ ಬೇಲಿ. ಪಿಯರ್ಸ್‌ನಿಂದ ಅವನು 3,300 ಡಾಲರ್ ಪಡೆದಿದ್ದ; ಅದು ಸಾಲವೆಂಬುದು ಅವನ ಸಮಜಾಯಿಷಿ. 1906ರಲ್ಲಿ ಸ್ಟ್ಯಾಂಡರ್ಡ್‌ನ ಒಡೆತನ ಹಾಗೆಯೇ ಉಳಿದಿತ್ತೆಂಬುದು ಹೊರಬಿತ್ತು, 1909ರಲ್ಲಿ ಕಂಪನಿ 18 ಲಕ್ಷ ಡಾಲರಿಗೂ ಹೆಚ್ಚು ದಂಡ ತೆತ್ತಿತು.

ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡಿದ್ದು ಆರ್ಚ್‌ಬೋಲ್ಡ್ ಪತ್ರಗಳು. 1890ರ ದಶಕದ ಉತ್ತರಾರ್ಧದಲ್ಲಿ ರಾಕ್‌ಫೆಲರ್ ದೈನಂದಿನ ಆಡಳಿತದಿಂದ ನಿವೃತ್ತನಾದ ಮೇಲೆ ಕಂಪನಿಯನ್ನು ನಡೆಸುತ್ತಿದ್ದವನು ಜಾನ್ ಆರ್ಚ್‌ಬೋಲ್ಡ್. ಅವನ ಕಚೇರಿಯ ಕೆಳದರ್ಜೆಯ ನೌಕರರು ಕದ್ದ ಪತ್ರಗಳು ಪತ್ರಿಕೋದ್ಯಮಿ ವಿಲಿಯಂ ರ್ಯಾಂಡಾಲ್ಫ್ ಹರ್ಸ್ಟ್‌ನ ಕೈಸೇರಿ, 1908ರ ಚುನಾವಣೆಯ ಕಾವಿನಲ್ಲಿ ಅವನು ಅವನ್ನು ಸಾರ್ವಜನಿಕ ಸಭೆಗಳಲ್ಲಿ ಒಂದೊಂದಾಗಿ ಓದಿದ. ಒಹಾಯೋದ ಸೆನೆಟರ್ ಜೋಸೆಫ್ ಫೋರೇಕರ್‌ಗೆ 1900ರ ಮೊದಲರ್ಧದಲ್ಲಿಯೇ 44,500 ಡಾಲರ್ ಸಂದಿದ್ದುದು ಅವುಗಳಿಂದ ತಿಳಿಯಿತು. ಕೆಲವು ಪತ್ರಗಳಲ್ಲಿ ಠೇವಣಿಪತ್ರ ಲಗತ್ತಾಗಿತ್ತು, ಮತ್ತೆ ಕೆಲವು ಪತ್ರಗಳು ಕಂಪನಿಗೆ ಹಿತವಲ್ಲದ ಮಸೂದೆಗಳನ್ನು ಕುರಿತಾಗಿದ್ದವು. ತಾನು ಕಂಪನಿಯ ವಕೀಲನಾಗಿದ್ದುದಾಗಿಯೂ, ಒಹಾಯೋದ ಮೊಕದ್ದಮೆಗಳ ಸಲಹೆಗಾಗಿ ಶುಲ್ಕ ಪಡೆದುದಾಗಿಯೂ, ಸೆನೆಟರ್ ವಕೀಲಿ ವೃತ್ತಿ ನಡೆಸಬಾರದೆಂಬ ಕಾನೂನು ಇರಲಿಲ್ಲವೆಂದೂ ಫೋರೇಕರ್ ಉತ್ತರಿಸಿದ. ಕಾನೂನಿನ ದೃಷ್ಟಿಯಿಂದ ಅವನ ಮಾತು ನಿಜ, ಅವನ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ; ಅವನ ರಾಜಕೀಯ ಜೀವನ ಮಾತ್ರ ಅಲ್ಲಿಗೆ ಮುಗಿಯಿತು. ಫೋರೇಕರ್ ಶುಲ್ಕ ಪಡೆಯುತ್ತಿದ್ದ ಕಾಲದಲ್ಲಿಯೇ ಒಹಾಯೋದ ಅಟಾರ್ನಿ ಜನರಲ್ ಫ್ರಾಂಕ್ ಮಾನೆಟ್, ಕಂಪನಿಯ ವಿರುದ್ಧದ ಮೊಕದ್ದಮೆಗಳನ್ನು ಕೈಬಿಟ್ಟರೆ 4 ಲಕ್ಷ ಡಾಲರ್ ಕೊಡುವ ಆಮಿಷ ತನಗೆ ಬಂದಿತ್ತೆಂದು ಆರೋಪಿಸಿದ್ದನೆಂಬುದು ಗಮನಾರ್ಹ. ಕಂಪನಿ ಅದನ್ನು ಅಲ್ಲಗಳೆಯಿತು.

ಚುನಾವಣಾ ದೇಣಿಗೆಯದು ಬೇರೆಯೇ ಅಧ್ಯಾಯ. 1896ರಲ್ಲಿ ವಿಲಿಯಂ ಮೆಕಿನ್ಲೆಯ ಪ್ರಚಾರಕ್ಕೆ ಸ್ಟ್ಯಾಂಡರ್ಡ್ ಆಯಿಲ್ 2.5 ಲಕ್ಷ ಡಾಲರ್ ಕೊಟ್ಟಿತ್ತು. 1904ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್‌ನ ಪಕ್ಷಕ್ಕೆ 1 ಲಕ್ಷ ಡಾಲರ್ ಕೊಟ್ಟಾಗ ರೂಸ್‌ವೆಲ್ಟ್ ಅದನ್ನು ಹಿಂದಿರುಗಿಸುವಂತೆ ಪತ್ರ ಬರೆದ, ಹಣ ಹಿಂದಿರುಗಲಿಲ್ಲ. ಆರ್ಚ್‌ಬೋಲ್ಡ್ 1912ರಲ್ಲಿ ಸೆನೆಟ್ ಸಮಿತಿಯ ಮುಂದೆ ಇದನ್ನು ವಿವರಿಸುವಾಗ, ಕೊಟ್ಟದ್ದಕ್ಕೆ ತಕ್ಕ ಫಲ ಸಿಗಲಿಲ್ಲವೆಂಬ ಅಸಮಾಧಾನವನ್ನೂ ಮರೆಮಾಚಲಿಲ್ಲ. ಕೇಂದ್ರ ಚುನಾವಣೆಗಳಿಗೆ ಕಂಪನಿಗಳು ನೇರವಾಗಿ ಹಣ ಕೊಡುವುದನ್ನು ನಿಷೇಧಿಸಿದ್ದು 1907ರ ಟಿಲ್‌ಮನ್ ಕಾಯಿದೆ.

ಪತ್ರಿಕೆಗಳು ಮತ್ತು 1911ರ ತೀರ್ಪು

ಈ ವ್ಯವಹಾರಗಳನ್ನು ಸಾರ್ವಜನಿಕ ಚರ್ಚೆಗೆ ತಂದವರಲ್ಲಿ ಹೆನ್ರಿ ಡೆಮರೆಸ್ಟ್ ಲಾಯ್ಡ್ ಮೊದಲಿಗ. ಅವನ ಲೇಖನ 1881ರಲ್ಲಿ ಅಟ್ಲಾಂಟಿಕ್ ಮಂತ್‌ಲಿಯಲ್ಲಿ ಪ್ರಕಟವಾಯಿತು. ಅದರ ಧ್ವನಿ ಆವೇಶದ್ದು. ಅದಕ್ಕಿಂತ ಆಳವಾದ ಪರಿಣಾಮ ಬೀರಿದ್ದು 1902ರ ನವೆಂಬರ್‌ನಿಂದ ಮೆಕ್‌ಕ್ಲೂರ್ಸ್ ಮ್ಯಾಗಜಿನ್‌ನಲ್ಲಿ 19 ಕಂತುಗಳಲ್ಲಿ ಬಂದು 1904ರಲ್ಲಿ ಪುಸ್ತಕವಾದ ಐಡಾ ಟಾರ್ಬೆಲ್‌ಳ (1857-1944) ಸ್ಟ್ಯಾಂಡರ್ಡ್ ಆಯಿಲ್ ಇತಿಹಾಸ. ಈಕೆ ತೈಲಪ್ರದೇಶದಲ್ಲಿಯೇ ಬೆಳೆದವಳು. ತಂದೆ ಎಣ್ಣೆಯ ತೊಟ್ಟಿಗಳನ್ನು ಕಟ್ಟುತ್ತಿದ್ದವನು, 1872ರ ಹೋರಾಟದಲ್ಲಿ ಉತ್ಪಾದಕರ ಪಕ್ಷದವನು. ಆದರೂ ಆಕೆಯ ಬರಹದ ಬಲವಿರುವುದು ಕೋಪದಲ್ಲಲ್ಲ, ನ್ಯಾಯಾಲಯದ ಕಡತಗಳು, ಶಾಸನಸಭಾ ಸಮಿತಿಗಳ ಸಾಕ್ಷ್ಯಗಳು, ರೈಲ್ವೆ ದರಪಟ್ಟಿಗಳನ್ನು ಸಾಲಾಗಿ ಜೋಡಿಸಿದ ತಾಳ್ಮೆಯಲ್ಲಿ. ಕಂಪನಿಯ ಹಿರಿಯ ನಿರ್ದೇಶಕ ಹೆನ್ರಿ ರಾಜರ್ಸ್ ಆಕೆಗೆ ಹಲವು ಬಾರಿ ಸಂದರ್ಶನ ಕೊಟ್ಟು, ತಮ್ಮ ವ್ಯವಹಾರವೆಲ್ಲ ಪದ್ಧತಿಗೆ ಅನುಸಾರವೇ ಎಂದು ವಿವರಿಸುತ್ತಿದ್ದ. ಪ್ರತಿಸ್ಪರ್ಧಿಗಳ ಸರಕಿನ ವಿವರಗಳು ರೈಲ್ವೆ ಗುಮಾಸ್ತರಿಂದ ಸ್ಟ್ಯಾಂಡರ್ಡ್‌ಗೆ ತಲುಪುತ್ತಿದ್ದುದಕ್ಕೆ ಆಕೆ ದಾಖಲೆ ಪ್ರಕಟಿಸಿದ ಮೇಲೆ ಆ ಭೇಟಿಗಳು ನಿಂತವು.

ಕೇಂದ್ರ ಸರಕಾರದ ಕಂಪನಿಗಳ ಬ್ಯೂರೊ 1906ರಲ್ಲಿ ರಿಯಾಯಿತಿಗಳು ಇನ್ನೂ ನಡೆಯುತ್ತಿವೆಯೆಂದು ವರದಿ ಮಾಡಿತು. 1907ರಲ್ಲಿ ಷಿಕಾಗೊದ ನ್ಯಾಯಾಧೀಶ ಕೆನೆಸಾ ಮೌಂಟನ್ ಲ್ಯಾಂಡಿಸ್, ಇಂಡಿಯಾನದ ಸ್ಟ್ಯಾಂಡರ್ಡ್ ಆಯಿಲ್‌ಗೆ 1,462 ಬಾರಿಯ ಅಪರಾಧಕ್ಕೆ ತಲಾ 20,000 ಡಾಲರಿನಂತೆ 2,92,40,000 ಡಾಲರ್ ದಂಡ ವಿಧಿಸಿದ. ಮರುವರ್ಷ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನಿಜವಾದ ಪೆಟ್ಟು ಬಿದ್ದದ್ದು 1890ರ ಷರ್ಮನ್ ಏಕಸ್ವಾಮ್ಯ ವಿರೋಧಿ ಕಾಯಿದೆಯಡಿ 1906ರಲ್ಲಿ ಹೂಡಿದ ಮೊಕದ್ದಮೆಯಿಂದ. 1911ರ ಮೇ 15ರಂದು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಎಡ್ವರ್ಡ್ ವೈಟ್ ತೀರ್ಪು ಓದಿ, ಹೋಲ್ಡಿಂಗ್ ಕಂಪನಿಯನ್ನು ಆರು ತಿಂಗಳೊಳಗೆ ಒಡೆಯಬೇಕೆಂದು ಆದೇಶಿಸಿದ. ವ್ಯಾಪಾರಕ್ಕೆ ಬರುವ ಪ್ರತಿಯೊಂದು ಅಡ್ಡಿಯೂ ಅಪರಾಧವಲ್ಲ, ಅಸಮಂಜಸವಾದ ಅಡ್ಡಿಯಷ್ಟೇ ಅಪರಾಧ ಎಂದು ಅದೇ ತೀರ್ಪು ಕಾಯಿದೆಯನ್ನು ಅರ್ಥೈಸಿತು. ಕಾಯಿದೆಯಲ್ಲಿ ಇಲ್ಲದ ಮಾತನ್ನು ಕೋರ್ಟು ಸೇರಿಸಿದೆಯೆಂದು ನ್ಯಾಯಾಧೀಶ ಜಾನ್ ಹಾರ್ಲನ್ ಈ ಭಾಗಕ್ಕೆ ಭಿನ್ನಮತ ಬರೆದ.

ಒಡೆದು ಬಂದ 34 ಕಂಪನಿಗಳಲ್ಲಿ ನ್ಯೂಜೆರ್ಸಿಯದು ಮುಂದೆ ಎಕ್ಸಾನ್, ನ್ಯೂಯಾರ್ಕಿನದು ಮೊಬಿಲ್, ಕ್ಯಾಲಿಫೋರ್ನಿಯದು ಷೆವ್ರಾನ್, ಇಂಡಿಯಾನದು ಅಮೊಕೊ ಆಯಿತು. ಹಳೆಯ ಷೇರುದಾರರೇ ಹೊಸ ಕಂಪನಿಗಳಿಗೂ ಒಡೆಯರಾಗಿದ್ದರು. ಬಿಡಿ ಷೇರುಗಳ ಬೆಲೆ ಏರಿದ್ದರಿಂದ ರಾಕ್‌ಫೆಲರ್‌ನ ಸಂಪತ್ತು ವಿಭಜನೆಯ ಅನಂತರವೇ ಹೆಚ್ಚು ವೇಗವಾಗಿ ಬೆಳೆಯಿತು. ಭಾರತಕ್ಕೂ ಈ ವಂಶಾವಳಿಯ ಒಂದು ಕೊಂಡಿಯಿದೆ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಸ್ಟ್ಯಾಂಡರ್ಡ್‌ನ ಸೀಮೆಎಣ್ಣೆ ಇಲ್ಲಿಯ ಮಾರುಕಟ್ಟೆಯಲ್ಲಿ ರಷ್ಯದ ಎಣ್ಣೆಯೊಡನೆ ಸ್ಪರ್ಧಿಸುತ್ತಿತ್ತು. ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ಶಾಖೆಗಳು ಕೂಡಿ ಕಟ್ಟಿದ ಸ್ಟ್ಯಾಂಡರ್ಡ್-ವ್ಯಾಕ್ಯೂಮ್ ಕಂಪನಿ 1954ರಲ್ಲಿ ಮುಂಬಯಿಯಲ್ಲಿ ಶುದ್ಧೀಕರಣಾಗಾರ ತೆರೆಯಿತು. ಎಸ್ಸೊ ಎಂದು ಹೆಸರಾದ ಆ ವ್ಯವಹಾರವನ್ನು ಸರಕಾರ 1974ರಲ್ಲಿ ವಹಿಸಿಕೊಂಡಾಗ ಹಿಂದೂಸ್ಥಾನ್ ಪೆಟ್ರೋಲಿಯಂ ಹುಟ್ಟಿತು.

ತೀರ್ಪು ಬರುವ ವೇಳೆಗೆ ಸ್ಟ್ಯಾಂಡರ್ಡ್‌ನ ಹಿಡಿತ ಹೇಗೂ ಸಡಿಲವಾಗಿತ್ತೆಂಬುದನ್ನು ಮರೆಯುವಂತಿಲ್ಲ. 1901ರ ಜನವರಿ 10ರಂದು ಟೆಕ್ಸಸ್‌ನ ಸ್ಪಿಂಡಲ್‌ಟಾಪ್‌ನಲ್ಲಿ ಚಿಮ್ಮಿದ ಬಾವಿ ಗಲ್ಫ್, ಟೆಕ್ಸಾಕೊ ಮೊದಲಾದ ಹೊಸ ಪ್ರತಿಸ್ಪರ್ಧಿಗಳಿಗೆ ಜನ್ಮ ನೀಡಿತ್ತು. 1911ರಲ್ಲಿ ಶುದ್ಧೀಕರಣದಲ್ಲಿ ಸ್ಟ್ಯಾಂಡರ್ಡ್‌ನ ಪಾಲು ಶೇ. 65ರ ಆಸುಪಾಸಿಗೆ ಇಳಿದಿತ್ತು.

ಟೀಪಾಟ್ ಡೋಮ್

20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನೌಕಾಪಡೆ ಕಲ್ಲಿದ್ದಲನ್ನು ಬಿಟ್ಟು ಎಣ್ಣೆಗೆ ತಿರುಗಿತು. ಯುದ್ಧಕಾಲಕ್ಕೆಂದು ಸರಕಾರಿ ಜಮೀನಿನಲ್ಲಿರುವ ಎಣ್ಣೆಯನ್ನು ನೆಲದೊಳಗೇ ಕಾಯ್ದಿಡುವ ಉದ್ದೇಶದಿಂದ 1912ರಲ್ಲಿ ಕ್ಯಾಲಿಫೋರ್ನಿಯದ ಎಲ್ಕ್ ಹಿಲ್ಸ್ ಮತ್ತು ಬ್ಯೂನ ವಿಸ್ಟವನ್ನೂ, 1915ರಲ್ಲಿ ವಯೋಮಿಂಗ್‌ನ ಟೀಪಾಟ್ ಡೋಮ್ ಅನ್ನೂ ನೌಕಾಪಡೆಯ ಮೀಸಲು ಕ್ಷೇತ್ರಗಳೆಂದು ಘೋಷಿಸಲಾಯಿತು. ಚಹದ ಕೆಟಲಿನ ಆಕಾರದ ಬಂಡೆಯೊಂದರಿಂದ ಈ ಕೊನೆಯ ಸ್ಥಳಕ್ಕೆ ಆ ಹೆಸರು.

1921ರ ಮಾರ್ಚಿನಲ್ಲಿ ಅಧಿಕಾರಕ್ಕೆ ಬಂದ ಅಧ್ಯಕ್ಷ ವಾರನ್ ಹಾರ್ಡಿಂಗ್ ನ್ಯೂಮೆಕ್ಸಿಕೊದ ಸೆನೆಟರ್ ಆಲ್ಬರ್ಟ್ ಫಾಲ್‌ನನ್ನು ಒಳಾಡಳಿತ ಮಂತ್ರಿಯಾಗಿ ನೇಮಿಸಿದ. ಆ ದೇಶದಲ್ಲಿ ಈ ಇಲಾಖೆಯ ಕೆಲಸ ಪೊಲೀಸು ವ್ಯವಸ್ಥೆಯಲ್ಲ, ಸರಕಾರಿ ಭೂಮಿ ಮತ್ತು ಖನಿಜಗಳ ನಿರ್ವಹಣೆ. ಮೇ 31ರಂದು ಹಾರ್ಡಿಂಗ್ ಒಂದು ಆದೇಶದ ಮೂಲಕ ಮೀಸಲು ಕ್ಷೇತ್ರಗಳನ್ನು ನೌಕಾಪಡೆಯಿಂದ ಫಾಲ್‌ನ ಇಲಾಖೆಗೆ ವರ್ಗಾಯಿಸಿದ. ನೌಕಾ ಮಂತ್ರಿ ಎಡ್ವಿನ್ ಡೆನ್ಬಿ ಹೆಚ್ಚು ಯೋಚಿಸದೆ ಒಪ್ಪಿದ. 1922ರ ಏಪ್ರಿಲ್ 7ರಂದು ಫಾಲ್ ಟೀಪಾಟ್ ಡೋಮ್ ಅನ್ನು ಹ್ಯಾರಿ ಸಿಂಕ್ಲೇರ್‌ನ ಮ್ಯಾಮತ್ ಆಯಿಲ್ ಕಂಪನಿಗೆ ಟೆಂಡರ್ ಕರೆಯದೆ, ಗುಟ್ಟಾಗಿ ಗುತ್ತಿಗೆ ಕೊಟ್ಟ. ಎಲ್ಕ್ ಹಿಲ್ಸ್ ಅದೇ ವರ್ಷ ಎಡ್ವರ್ಡ್ ಡೊಹೆನಿಯ ಪಾನ್ ಅಮೆರಿಕನ್ ಕಂಪನಿಗೆ ಹೋಯಿತು. ಬದಲಾಗಿ ಡೊಹೆನಿ ಹವಾಯಿಯ ಪರ್ಲ್ ಹಾರ್ಬರಿನಲ್ಲಿ ನೌಕಾಪಡೆಗೆ ತೊಟ್ಟಿಗಳನ್ನು ಕಟ್ಟಿಸಿ ತುಂಬಿಸಿಕೊಡಬೇಕಾಗಿತ್ತು. ನೆರೆಯ ಖಾಸಗಿ ಬಾವಿಗಳು ಸರಕಾರದ ಎಣ್ಣೆಯನ್ನು ಹೀರಿಕೊಳ್ಳುತ್ತಿವೆ, ಕಾದರೆ ಏನೂ ಉಳಿಯದು ಎಂಬುದು ಫಾಲ್‌ನ ಸಮರ್ಥನೆ. ಎಣ್ಣೆ ಎತ್ತಿದವನದೇ ಎಂಬ ಹಳೆಯ ನಿಯಮದ ಹಿನ್ನೆಲೆಯಲ್ಲಿ ಈ ವಾದ ಪೂರ್ತಿ ಪೊಳ್ಳಲ್ಲ. ಟೆಂಡರ್ ಏಕೆ ಕರೆಯಲಿಲ್ಲವೆಂಬುದಕ್ಕೆ ಮಾತ್ರ ಅದರಲ್ಲಿ ಉತ್ತರವಿಲ್ಲ.

ಗುತ್ತಿಗೆಯ ಸುದ್ದಿ ಅದೇ ತಿಂಗಳು ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಬಂದಿತು. ಸೆನೆಟರ್ ರಾಬರ್ಟ್ ಲಾ ಫಾಲೆಟ್‌ನ ಒತ್ತಾಯದಿಂದ ತನಿಖೆ ಮಂಜೂರಾಗಿ, ಮೊಂಟಾನದ ಸೆನೆಟರ್ ಥಾಮಸ್ ವಾಲ್ಷ್ ಸಾವಿರಾರು ಪುಟಗಳ ದಾಖಲೆಗಳನ್ನು ಒಂಟಿಯಾಗಿ ಓದಿದ. 1923ರ ಅಕ್ಟೋಬರ್‌ನಲ್ಲಿ ವಿಚಾರಣೆ ಆರಂಭವಾಗುವ ವೇಳೆಗೆ ಹಾರ್ಡಿಂಗ್ ತೀರಿಕೊಂಡಿದ್ದ, ಫಾಲ್ ರಾಜೀನಾಮೆ ಕೊಟ್ಟಿದ್ದ. ತಿರುವು ತಂದವನು ಆಲ್ಬುಕರ್ಕಿಯ ಪತ್ರಿಕಾ ಸಂಪಾದಕ ಕಾರ್ಲ್ ಮೆಗೀ (ಮುಂದೆ ಇವನೇ ವಾಹನ ನಿಲುಗಡೆಯ ಮೀಟರನ್ನು ಬಳಕೆಗೆ ತಂದ). ವರ್ಷಗಳಿಂದ ತೆರಿಗೆ ಬಾಕಿಯಿದ್ದ ಫಾಲ್‌ನ ತ್ರೀ ರಿವರ್ಸ್ ಜಾನುವಾರು ಎಸ್ಟೇಟಿನ ಬಾಕಿ ಒಮ್ಮೆಗೇ ತೀರಿ, ಪಕ್ಕದ ಜಮೀನು ಸೇರಿ, ಹೊಸ ಕಟ್ಟಡಗಳೆದ್ದಿದ್ದನ್ನು ಅವನು ಸಾಕ್ಷ್ಯದಲ್ಲಿ ಹೇಳಿದ. ವಾಷಿಂಗ್ಟನ್ ಪೋಸ್ಟ್ ಒಡೆಯ ಎಡ್ವರ್ಡ್ ಮೆಕ್‌ಲೀನ್ ತನಗೆ 1 ಲಕ್ಷ ಡಾಲರ್ ಸಾಲ ಕೊಟ್ಟನೆಂದು ಫಾಲ್ ಬರೆದು ತಿಳಿಸಿದ. ವಾಲ್ಷ್ ಫ್ಲಾರಿಡಕ್ಕೇ ಹೋಗಿ ಕೇಳಿದಾಗ ಮೆಕ್‌ಲೀನ್ ಅದನ್ನು ನಿರಾಕರಿಸಿದ. 1924ರ ಜನವರಿ 24ರಂದು ಡೊಹೆನಿ ತಾನಾಗಿ ಬಂದು, ಹಣ ಕೊಟ್ಟವನು ತಾನೆಂದೂ, 1921ರ ನವೆಂಬರ್ 30ರಂದು ಮಗ ನೆಡ್ ಅದನ್ನು ಚಿಕ್ಕ ಕಪ್ಪು ಚೀಲದಲ್ಲಿ ನಗದಾಗಿ ಒಯ್ದು ಕೊಟ್ಟನೆಂದೂ, ಗಣಿ ಹುಡುಕುತ್ತಿದ್ದ ದಿನಗಳ ಹಳೆಯ ಗೆಳೆಯನಿಗೆ ಕೊಟ್ಟ ಕೈಸಾಲವಷ್ಟೇ ಅದೆಂದೂ ಹೇಳಿದ. ಸಾಲಪತ್ರವನ್ನೂ ತೋರಿಸಿದ, ಫಾಲ್‌ನ ಸಹಿಯಿದ್ದ ಭಾಗ ಹರಿದಿತ್ತು. ಎಲ್ಕ್ ಹಿಲ್ಸ್‌ನಿಂದ ತನಗೆ 10 ಕೋಟಿ ಡಾಲರ್ ಲಾಭದ ನಿರೀಕ್ಷೆಯಿತ್ತೆಂಬುದನ್ನೂ ಅವನು ಮುಚ್ಚಿಡಲಿಲ್ಲ. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷಸ್ಥಾನದ ಆಕಾಂಕ್ಷಿ ವಿಲಿಯಂ ಮೆಕಾಡೂ ಕೂಡ ಡೊಹೆನಿಯಿಂದ ವಕೀಲಿ ಶುಲ್ಕ ಪಡೆದಿದ್ದುದು ಇದೇ ವಿಚಾರಣೆಯಲ್ಲಿ ಹೊರಬಂದು, ಹಗರಣದ ಲಾಭ ಪಡೆಯಬೇಕಾಗಿದ್ದ ವಿರೋಧ ಪಕ್ಷಕ್ಕೂ ಮಸಿ ತಾಗಿತು.

ಸಿಂಕ್ಲೇರ್‌ನ ಹಣ ಬೇರೊಂದು ದಾರಿಯಲ್ಲಿ ಬಂದಿತ್ತು. 1921ರಲ್ಲಿ ಅವನೂ ಇಂಡಿಯಾನ ಸ್ಟ್ಯಾಂಡರ್ಡ್‌ನ ಮುಖ್ಯಸ್ಥ ರಾಬರ್ಟ್ ಸ್ಟೂಅರ್ಟ್‌ನೂ ಮತ್ತಿಬ್ಬರು ತೈಲೋದ್ಯಮಿಗಳೂ ಕೆನಡದಲ್ಲಿ ಕಾಂಟಿನೆಂಟಲ್ ಟ್ರೇಡಿಂಗ್ ಎಂಬ ಕಂಪನಿ ಹುಟ್ಟಿಸಿ, ಅದು ಪೀಪಾಯಿಗೆ 1.50 ಡಾಲರಿನಂತೆ ಕೊಂಡ ಟೆಕ್ಸಸ್ ಎಣ್ಣೆಯನ್ನು ತಾವೇ ನಡೆಸುವ ಕಂಪನಿಗಳಿಗೆ 1.75ಕ್ಕೆ ಮಾರಿಸಿದರು. ತಮ್ಮದೇ ಷೇರುದಾರರಿಂದ ಹೀಗೆ ಕಸಿದ ಸುಮಾರು 30 ಲಕ್ಷ ಡಾಲರನ್ನು ಲಿಬರ್ಟಿ ಬಾಂಡ್ ಎಂಬ ಯುದ್ಧಸಾಲದ ಪತ್ರಗಳಾಗಿ ಹಂಚಿಕೊಂಡರು. ಪ್ರತಿಯೊಂದು ಬಾಂಡಿಗೂ ಕ್ರಮಸಂಖ್ಯೆಯಿದ್ದುದು ಅವರಿಗೆ ಮುಳುವಾಯಿತು: 2.3 ಲಕ್ಷ ಡಾಲರಿಗೂ ಮಿಕ್ಕ ಬಾಂಡುಗಳು ಫಾಲ್‌ನ ಅಳಿಯನ ಮೂಲಕ ಮಂತ್ರಿಯ ಖಾತೆ ಸೇರಿದ್ದನ್ನೂ, ಇನ್ನೊಂದು ಭಾಗ ರಿಪಬ್ಲಿಕನ್ ಪಕ್ಷದ ಚುನಾವಣಾ ಸಾಲ ತೀರಿಸಲು ಹೋದದ್ದನ್ನೂ ತನಿಖೆಗಾರರು ಜಾಡು ಹಿಡಿದು ತೋರಿಸಿದರು. ಸ್ಟೂಅರ್ಟ್‌ನನ್ನು 1929ರಲ್ಲಿ ಕಿರಿಯ ಜಾನ್ ಡಿ. ರಾಕ್‌ಫೆಲರ್ ಷೇರುದಾರರ ಮತ ಕೂಡಿಸಿ ಪದಚ್ಯುತಗೊಳಿಸಿದ. ಟಾರ್ಬೆಲ್‌ಳ ಬರಹ ಹೊರಬಂದು ಇನ್ನೂ ಮೂವತ್ತು ವರ್ಷವಾಗಿರಲಿಲ್ಲ.

ಮೊಕದ್ದಮೆಗಳ ಫಲ

ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ನೇಮಿಸಿದ ಇಬ್ಬರು ವಿಶೇಷ ವಕೀಲರು, ಓವನ್ ರಾಬರ್ಟ್ಸ್ ಮತ್ತು ಆಟ್ಲೀ ಪಾಮರೀನ್, ಗುತ್ತಿಗೆಗಳನ್ನು ರದ್ದುಪಡಿಸುವ ವ್ಯಾಜ್ಯಗಳಲ್ಲಿ ಗೆದ್ದರು. ವಂಚನೆ ಮತ್ತು ಭ್ರಷ್ಟಾಚಾರದಿಂದ ಪಡೆದ ಗುತ್ತಿಗೆಗಳು ಊರ್ಜಿತವಲ್ಲವೆಂದು ಸುಪ್ರೀಂ ಕೋರ್ಟ್ 1927ರಲ್ಲಿ ಎರಡು ತೀರ್ಪುಗಳನ್ನಿತ್ತಿತು. ಕ್ರಿಮಿನಲ್ ಮೊಕದ್ದಮೆಗಳ ಫಲಿತಾಂಶ ಹಾಗಿರಲಿಲ್ಲ. ಸಿಂಕ್ಲೇರ್ ಒಳಸಂಚಿನ ಆರೋಪದಿಂದ ಬಿಡುಗಡೆಯಾದರೂ, ಸೆನೆಟ್‌ನ ಪ್ರಶ್ನೆಗಳಿಗೆ ಉತ್ತರಿಸದ್ದಕ್ಕೂ ಜ್ಯೂರಿ ಸದಸ್ಯರ ಹಿಂದೆ ಪತ್ತೇದಾರರನ್ನು ಬಿಟ್ಟ ನ್ಯಾಯಾಲಯ ನಿಂದನೆಗೂ 1929ರಲ್ಲಿ ಆರು ತಿಂಗಳಿಗೆ ಮಿಕ್ಕಿ ಸೆರೆಯಲ್ಲಿದ್ದ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಡೊಹೆನಿಯಿಂದ ಲಂಚ ಪಡೆದ ಅಪರಾಧಕ್ಕೆ ಫಾಲ್‌ಗೆ ಒಂದು ವರ್ಷ ಸೆರೆ ಮತ್ತು 1 ಲಕ್ಷ ಡಾಲರ್ ದಂಡ ವಿಧಿಸಲಾಯಿತು; ಅಧಿಕಾರದಲ್ಲಿದ್ದಾಗ ಮಾಡಿದ ಅಪರಾಧಕ್ಕೆ ಜೈಲು ಸೇರಿದ ಮೊದಲ ಕೇಂದ್ರ ಮಂತ್ರಿ ಅವನು. ಐದು ತಿಂಗಳ ಅನಂತರ, ಅದೇ ಹಣವನ್ನು ಲಂಚವಾಗಿ ಕೊಟ್ಟ ಆರೋಪದಲ್ಲಿ ಡೊಹೆನಿಯನ್ನು ಬೇರೊಂದು ಜ್ಯೂರಿ ನಿರಪರಾಧಿಯೆಂದು ಬಿಟ್ಟಿತು. ಪಡೆದವನ ಮನಸ್ಸಿನಲ್ಲಿ ಲಂಚವಾಗಿದ್ದುದು ಕೊಟ್ಟವನ ಮನಸ್ಸಿನಲ್ಲಿ ಸಾಲವಾಗಿರಬಹುದೆಂದು ಕಾನೂನಿನ ತರ್ಕದಿಂದ ಇದನ್ನು ಸಮರ್ಥಿಸಬಹುದಾದರೂ, ಸಾಮಾನ್ಯ ಓದುಗರಿಗೆ ಇದು ಒಪ್ಪಿಗೆಯಾಗುವುದು ಕಷ್ಟ. ದಿವಾಳಿಯಾದ ಫಾಲ್ ದಂಡ ಕಟ್ಟಲಿಲ್ಲ. ಅವನ ತ್ರೀ ರಿವರ್ಸ್ ಎಸ್ಟೇಟನ್ನು 1930ರ ದಶಕದ ಮಧ್ಯದಲ್ಲಿ ಸಾಲ ತೀರಿಸಲಿಲ್ಲವೆಂಬ ಕಾರಣಕ್ಕೆ ಡೊಹೆನಿಯ ಕಂಪನಿಯೇ ಜಪ್ತಿ ಮಾಡಿಕೊಂಡಿತು.

ಹಗರಣದಿಂದ ಉಳಿದುಬಂದ ಕಾನೂನಿನ ಫಲಗಳು ಶಿಕ್ಷೆಗಳಿಗಿಂತ ಹೆಚ್ಚಿನವು. ಶಾಸನ ರಚನೆಗೆ ಬೇಕಾದ ಮಾಹಿತಿಗಾಗಿ ಖಾಸಗಿ ವ್ಯಕ್ತಿಗಳನ್ನೂ ಕರೆಸಿ ಸಾಕ್ಷ್ಯ ಪಡೆಯುವ ಅಧಿಕಾರ ಕಾಂಗ್ರೆಸ್‌ಗೆ ಇದೆಯೆಂದು ಸುಪ್ರೀಂ ಕೋರ್ಟ್ 1927ರ ಮೆಕ್‌ಗ್ರೇನ್ ಪ್ರಕರಣದಲ್ಲಿ ಸ್ಥಾಪಿಸಿತು. ಅಟಾರ್ನಿ ಜನರಲ್ ಹ್ಯಾರಿ ಡಾಹರ್ಟಿ ಈ ಹಗರಣದ ತಪ್ಪಿತಸ್ಥರ ಮೇಲೆ ಕ್ರಮ ಕೈಗೊಳ್ಳಲಿಲ್ಲವೆಂಬ ದೂರಿನ ತನಿಖೆಯಿಂದ ಹುಟ್ಟಿದ ಪ್ರಕರಣವದು. 1924ರ ಕಂದಾಯ ಕಾಯಿದೆ ತೆರಿಗೆ ವಿವರಗಳನ್ನು ತರಿಸಿ ನೋಡುವ ಅಧಿಕಾರವನ್ನು ಕಾಂಗ್ರೆಸ್ ಸಮಿತಿಗಳಿಗೆ ಕೊಟ್ಟಿತು, 1925ರ ಭ್ರಷ್ಟ ಚುನಾವಣಾ ಪದ್ಧತಿಗಳ ಕಾಯಿದೆ ದೇಣಿಗೆಗಳ ಪ್ರಕಟಣೆಯ ನಿಯಮಗಳನ್ನು ಬಿಗಿಗೊಳಿಸಿತು. ಮೀಸಲು ಕ್ಷೇತ್ರಗಳು ನೌಕಾಪಡೆಗೆ ಮರಳಿದವು. ಎಲ್ಕ್ ಹಿಲ್ಸ್ ಅನ್ನು ಸರಕಾರ 1998ರಲ್ಲಿ ಬಹಿರಂಗ ಸ್ಪರ್ಧೆಯ ಮೂಲಕ ಆಕ್ಸಿಡೆಂಟಲ್ ಪೆಟ್ರೋಲಿಯಂ ಕಂಪನಿಗೆ 365 ಕೋಟಿ ಡಾಲರಿಗೆ ಮಾರಿತು; ಟೀಪಾಟ್ ಡೋಮ್ 2015ರಲ್ಲಿ ಸುಮಾರು 4.5 ಕೋಟಿ ಡಾಲರಿಗೆ ಖಾಸಗಿಯವರ ಪಾಲಾಯಿತು.